ಅಜ್ಜಿಯ ಮುಂದಿನ ಕಾದಂಬರಿ

"ಏಯ್, ಆ ಮಸಿಗೈ ತೆಗೆಯೋ ಅಲ್ಲಿಂದ. ನಮ್ಮ ಭಾವನ್ನ ಹೊರೋಕೆ ಬೇರೆ ಯಾರೂ ಸಿಗಲಿಲ್ವಾ?"

ತಾತನ ಶವಪೆಟ್ಟಿಗೆಯ ಹಿಂದಿನ ಎಡ ಹಿಡಿಕೆ ಕಿಡಿಯ ಕೈಯಲ್ಲಿತ್ತು. ಹೊಸ್ತಿಲು ದಾಟಿಯಾಗಿತ್ತು, ಮೆಟ್ಟಿಲು ಅರ್ಧ ಇಳಿದಾಗಿತ್ತು, ವ್ಯಾನಿನ ಹಿಂಬಾಗಿಲು ಬಾಯಿ ತೆರೆದು ಕಾಯುತ್ತಿತ್ತು. ಇಡೀ ಬೀದಿಯೇ ಅಲ್ಲಿ ನಿಂತಿತ್ತು. ಮಾತಾಡಿದವರು ಅಜ್ಜಿಯ ತಮ್ಮ, ಬೆಳಿಗ್ಗೆಯಷ್ಟೇ ಬೇರೆ ಊರಿನಿಂದ ಬಂದಿಳಿದವರು. ಬಂದ ಗಳಿಗೆಯಿಂದ ಯಾರು ಎಲ್ಲಿ ನಿಲ್ಲಬೇಕು, ಯಾವ ಕುರ್ಚಿ ಎಲ್ಲಿಗೆ ಹೋಗಬೇಕು ಎಂದು ಅವರೇ ಹೇಳುತ್ತಿದ್ದರು. ಒಂದು ಮಾತಿಗೆ ಅವರಿಗೆ ತೃಪ್ತಿಯಾಗಲಿಲ್ಲ. ಎಂಟನೇ ಕ್ಲಾಸು ದಾಟದವನಿಗೆ ಪುಸ್ತಕದ ಮನೆಯಲ್ಲಿ ಏನು ಕೆಲಸ, ತಾತ ಕಣ್ಣು ಮುಚ್ಚಿದ್ದೇ ತಡ ಕಪಾಟಿನ ಮೇಲೆ ಕಣ್ಣು ಹಾಕೋಕೆ ಬಂದಿದ್ದಾನೆ ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದರು.

ಕಿಡಿ ವೆಲ್ಡಿಂಗ್ ಶಾಪಿನವನು. ಹೆಸರು ಕೆಲಸದಿಂದ ಬಂದಿದ್ದೋ ಕೋಪದಿಂದ ಬಂದಿದ್ದೋ ಬೀದಿಯಲ್ಲಿ ಯಾರಿಗೂ ನೆನಪಿಲ್ಲ. ಉತ್ತರ ಕೊಡದೆ ನುಂಗಿದ ಮಾತು ಹೊಟ್ಟೆಯಲ್ಲಿ ಕೊಳೆಯುತ್ತದೆ ಎಂದು ನಂಬಿದವನು. ಸ್ಕೂಲು ಬಿಟ್ಟಿದ್ದೂ ಹಾಗೇ: ಹೆಡ್ ಮಾಸ್ಟರು ಒಂದು ಅಂದರು, ಇವನು ಎರಡು ಅಂದ, ಮಾರನೇ ದಿನ ಕೈಗೆ ಸುತ್ತಿಗೆ ಬಂತು.

"ತೆಗೀತೀನಿ ಸಾರ್," ಎಂದ. "ಈ ಮೂಲೆ ಖಾಲಿ ಆಗುತ್ತೆ. ಬನ್ನಿ, ಹಿಡ್ಕೊಳ್ಳಿ."

ತಮ್ಮನವರು ಅಂಗಿಯ ಮೇಲೆ ಬೆನ್ನುನೋವಿನ ಬೆಲ್ಟು ಬಿಗಿದುಕೊಂಡಿದ್ದರು. ಅದರ ಮೇಲೊಮ್ಮೆ ಕೈಯಾಡಿಸಿದರು. ಮುಂದಿನ ಹಿಡಿಕೆ ಹಿಡಿದಿದ್ದ ಟೈಲರ್ ಕೆಮ್ಮಿದ. ಅದು ಕೆಮ್ಮಲ್ಲ, ನಗು ಎಂದು ಎಲ್ಲರಿಗೂ ಗೊತ್ತಾಯಿತು. ತಾತನ ಮಗಳು, ಸುದ್ದಿ ಕೇಳಿದ ಕೂಡಲೇ ಆಸ್ಪತ್ರೆಯ ಕೆಲಸ ಬಿಟ್ಟು ಓಡಿ ಬಂದವಳು, "ಮಾವ, ಸ್ವಲ್ಪ ದಾರಿ ಬಿಡಿ, ಅಪ್ಪ ಭಾರ ಇದಾರೆ" ಎಂದಳು. ಪೆಟ್ಟಿಗೆ ವ್ಯಾನು ಸೇರಿತು.

ಕಿಡಿ ವ್ಯಾನು ಹತ್ತಲು ಕಾಲಿಟ್ಟಿದ್ದ. ಒಳಗಿನಿಂದ ಅಜ್ಜಿ ಕರೆದರು.

ಅಜ್ಜಿಗೆ ಮಂಡಿ ಮಡಚಲು ಬಾರದು, ಹಾಗಾಗಿ ಅವರು ಹೊರಟಿರಲಿಲ್ಲ. ಕಿಟಕಿಯ ಪಕ್ಕದ ಮರದ ಕುರ್ಚಿಯಲ್ಲಿ, ಕಾಲಿಗೆ ಕಂಬಳಿ ಸುತ್ತಿಕೊಂಡು ಕೂತಿದ್ದರು. ತೊಡೆಯ ಮೇಲೆ ಒಂದು ದಪ್ಪ ಪುಸ್ತಕ. ಬಗ್ಗು ಎಂದು ಸನ್ನೆ ಮಾಡಿದರು. ಬಗ್ಗಿದ.

"ಇದು ನಿನ್ನೆ ರಾತ್ರಿ ಮುಗೀತು," ಎಂದರು. "ಬೆಳಿಗ್ಗೆ ಇವರ ಹತ್ರ ಜಗಳ ಆಡ್ಬೇಕು ಅಂತ ಎದ್ದು ಬಂದೆ. ನೋಡಿದ್ರೆ ಹೀಗೆ. ಆಡ್ಬೇಕಾದ್ದೆಲ್ಲ ಬಾಯಲ್ಲೇ ಉಳೀತು ಕಣೋ."

ಕಿಡಿ ಅವರ ಕಾಲಿನಿಂದ ಜಾರಿದ ಕಂಬಳಿಯನ್ನು ಸರಿ ಮಾಡಿದ.

"ಮದುವೆಯಾಗಿ ಬಂದಾಗಿನಿಂದ ಒಂದು ಮುಗಿದ್ರೆ ಅವತ್ತೇ ಇನ್ನೊಂದು ಕೈಗೆ ಕೊಡ್ತಿದ್ರು. ಇವತ್ತು ಕೊಡೋರಿಲ್ಲ. ಇವತ್ತು ನಿಂತುಬಿಟ್ರೆ ನಾನು ಮತ್ತೆ ಓದಲ್ಲ. ನನ್ನ ಸ್ವಭಾವ ನನಗೆ ಗೊತ್ತು. ಸಂಜೆ ಬಂದು ನೀನೊಂದು ತೆಗೆದುಕೊಡು."

"ನಾನಾ ಅಜ್ಜಿ? ನಿಮ್ಮ ಮಗಳನ್ನ ಕೇಳಿ. ಅಕ್ಕ ಓದಿದೋರು."

"ಅವಳು ಓದಿರೋದು ರೋಗಿಗಳ ಚೀಟಿ," ಎಂದರು ಅಜ್ಜಿ. "ಹೋಗು. ವ್ಯಾನ್ ಹೊರಡುತ್ತೆ."

*

ತಾತನನ್ನು ಬೀದಿಯವರು ರಟ್ಟಿನ ತಾತ ಎನ್ನುತ್ತಿದ್ದರು. ಮನೆಯ ಮುಂದಿನ ಕೋಣೆಯೇ ಅವರ ಬಾಡಿಗೆ ಪುಸ್ತಕದಂಗಡಿ. ಅಲ್ಲಿ ಕಾದಂಬರಿ ಬಿಟ್ಟು ಬೇರೆ ಏನೂ ಇರಲಿಲ್ಲ. ಹಳೇ ಪುಸ್ತಕದವರ ಹತ್ತಿರ ಮೂಟೆಗಟ್ಟಲೆ ತಂದು, ಬಿಚ್ಚಿ, ಹೊಲಿದು, ಬೂದು ಬಣ್ಣದ ರಟ್ಟು ಹಾಕುತ್ತಿದ್ದರು. ಹೊರಗಿನಿಂದ ನೋಡಿದರೆ ಎಲ್ಲವೂ ಒಂದೇ ಥರ. ಬೆನ್ನ ಮೇಲೆ ಹೆಸರು ಕೂಡ ಬರೆಯುತ್ತಿರಲಿಲ್ಲ. ಹೆಸರು ನೋಡಿ ಪುಸ್ತಕ ಕೇಳುವವರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ.

ಕಿಡಿ ಅಲ್ಲಿಗೆ ಮೊದಲು ಬಂದಿದ್ದು ಓದಲಿಕ್ಕಲ್ಲ. ಪುಸ್ತಕದ ಭಾರಕ್ಕೆ ಕಬ್ಬಿಣದ ರ್‍ಯಾಕು ಹೊಟ್ಟೆ ಜೋತುಬಿಟ್ಟಿತ್ತು, ಅಡ್ಡಪಟ್ಟಿ ಬೆಸೆಯಲು ಬಂದಿದ್ದ. ಒದ್ದೆ ಗೋಣಿ ಹೊದಿಸಿ ಕೆಲಸ ಮಾಡಿದರೂ ಒಂದು ಕಿಡಿ ಹಾರಿ ಒಂದು ಪುಸ್ತಕದ ಮೇಲೆ ಬಿತ್ತು. ರಟ್ಟು ದಾಟಿ ಮೊದಲ ನಾಲ್ಕಾರು ಹಾಳೆಯವರೆಗೂ ತೂತು. ಬೈಗುಳ ಬರುವ ಮುಂಚೆಯೇ ಉತ್ತರ ಸಿದ್ಧ ಮಾಡಿಕೊಂಡು ಸೆಟೆದು ನಿಂತ. ತಾತ ಬೈಯಲಿಲ್ಲ. ಪುಸ್ತಕ ಎತ್ತಿಕೊಂಡು ತೂತಿನೊಳಗಿಂದ ಇವನನ್ನೇ ನೋಡಿದರು.

"ಇದನ್ನ ಇನ್ನು ಬಾಡಿಗೆಗೆ ಕೊಡೋಕಾಗಲ್ಲ. ಸುಟ್ಟಿದ್ದು ನೀನು, ತೂತಲ್ಲಿ ಯಾವ ಪದ ಹೋಗಿದೆ ಅಂತ ನೀನೇ ಹೇಳ್ಬೇಕು. ನಿಂತ್ಕೋ, ಓದ್ತೀನಿ."

ಓದಲು ಶುರು ಮಾಡಿದರು. ಒಬ್ಬ ಗಂಡಸು ಮಳೆಯಲ್ಲಿ ಓಡುತ್ತಾ ರೈಲು ಹಿಡಿಯುತ್ತಾನೆ. ರೈಲು ಹೊರಟ ಮೇಲೆ ಅವನಿಗೆ ಗೊತ್ತಾಗುತ್ತದೆ, ಚೀಲ ಬದಲಾಗಿದೆ. ಚೀಲ ತೆರೆಯುವ ಕಡೆ ಸರಿಯಾಗಿ ತೂತು. ತಾತ ನಿಲ್ಲಿಸಿದರು.

"ಒಳಗೇನಿತ್ತು?" ಎಂದ ಕಿಡಿ, ತಾನು ಕೋಪದಲ್ಲಿದ್ದೇನೆ ಎಂಬುದನ್ನು ಮರೆತು.

"ಅದನ್ನೇ ನೀನು ಸುಟ್ಟಿರೋದು. ಮುಂದೆ ಓದಿದ್ರೆ ಗೊತ್ತಾಗುತ್ತೆ. ತಗೊಂಡ್ಹೋಗು."

ಆಮೇಲೆ ಎಷ್ಟೋ ದಿನ ಕಳೆದ ಮೇಲೆ ತಾತ ಗುಟ್ಟು ಹೇಳಿದರು. ಅವರು ಓದುವಾಗ ಪುಸ್ತಕ ನೋಡುತ್ತಲೇ ಇರಲಿಲ್ಲ, ಅವನ ಪಾದ ನೋಡುತ್ತಿದ್ದರು. ಅಂಗಡಿಗೆ ಬಂದವರ ಒಂದು ಪಾದ ಯಾವಾಗಲೂ ಬೀದಿಯ ಕಡೆ ತಿರುಗಿರುತ್ತದೆ. ಓದುತ್ತಾ ಹೋಗಬೇಕು. ಯಾವ ಪುಸ್ತಕಕ್ಕೆ ಆ ಪಾದ ಒಳಕ್ಕೆ ತಿರುಗುತ್ತದೋ ಅದೇ ಅವರ ಪುಸ್ತಕ. ಬಾಯಿ ನನಗೆ ಇಂಥದ್ದು ಇಷ್ಟ, ಅಂಥದ್ದು ಇಷ್ಟ ಅಂತ ದೊಡ್ಡಸ್ತಿಕೆ ಮಾಡುತ್ತೆ, ಪಾದಕ್ಕೆ ಅದೆಲ್ಲ ಬರಲ್ಲ ಎನ್ನುತ್ತಿದ್ದರು.

*

ಮಣ್ಣು ಮುಚ್ಚಿ ಬರುವ ಹೊತ್ತಿಗೆ ಮಧ್ಯಾಹ್ನ ಕಳೆದಿತ್ತು. ಅಂಗಳದಲ್ಲಿ ಬಾಡಿಗೆ ಕುರ್ಚಿಗಳನ್ನು ಸಾಲಾಗಿ ಹಾಕಿಸಿದ್ದರು ತಮ್ಮನವರು. ಜನ ಬಂದು ಕೂತ ಸ್ವಲ್ಪ ಹೊತ್ತಿಗೇ ಸಾಲು ಕೆಟ್ಟು ದುಂಡಗಾಯಿತು. ಕೆಟಲಿನಲ್ಲಿ ಚಹಾ ಸುತ್ತಿತು. ಆಮೇಲೆ ಔಷಧಿ ಅಂಗಡಿಯಾಕೆ ಬಾಯಿ ತಪ್ಪಿ ಕಿಡಿಯನ್ನು ಕೇಳಿಬಿಟ್ಟಳು, ಅಜ್ಜಿ ನಿನ್ನ ಕರೆದು ಏನೋ ಹೇಳಿದ್ರಲ್ಲ, ಏನದು ಎಂದು. ಅವನು ಮುಚ್ಚಿಡುವವನಲ್ಲ, ಹೇಳಿದ.

ಅಲ್ಲಿಗೆ ಶುರುವಾಯಿತು.

ಅಜ್ಜಿ ಇವತ್ತು ಏನು ಓದಬೇಕು ಎಂಬುದರ ಬಗ್ಗೆ ಅಂಗಳದಲ್ಲಿದ್ದ ಪ್ರತಿಯೊಬ್ಬರಿಗೂ ಒಂದು ಅಭಿಪ್ರಾಯವಿತ್ತು. ಟೈಲರ್ ಮೂರು ತಲೆಮಾರಿನ ದೊಡ್ಡ ಕುಟುಂಬದ ಕಥೆಯೇ ಆಗಬೇಕೆಂದ. ಒಬ್ಬಂಟಿಯಾದವರಿಗೆ ಮನೆ ತುಂಬ ಜನ ಬೇಕು, ಅದರಲ್ಲಿ ಕಡಿಮೆಯೆಂದರೂ ಇಬ್ಬರು ಚಿಕ್ಕಮ್ಮಂದಿರು ಇರಬೇಕು ಎಂಬುದು ಅವನ ವಾದ. ಔಷಧಿ ಅಂಗಡಿಯಾಕೆಯದು ಒಂದೇ ಹಟ, ಕೊಲೆ. ಮೊದಲ ಪುಟದಲ್ಲೇ ಹೆಣ ಬಿದ್ದರೆ ನಿದ್ದೆ ಬರುವವರೆಗೂ ಬೇರೆ ಯೋಚನೆ ಸುಳಿಯುವುದಿಲ್ಲ. ಇವತ್ತಿನ ದಿನ ಹೆಣ ಗಿಣ ಅನ್ನಬೇಡಿ ಎಂದು ಯಾರೋ ಅಂದದ್ದಕ್ಕೆ ಅವಳು, "ಪುಸ್ತಕದ ಹೆಣ ಬೇರೆ ಕಣ್ರೀ, ಅದು ಯಾರ ಮನೇದೂ ಅಲ್ಲ" ಎಂದಳು. ಎಲ್ಲರೂ ಮುಖ ಮುಖ ನೋಡಿಕೊಂಡರು. ಮೊದಲು ನಕ್ಕವಳು ತಾತನ ಮಗಳೇ.

ಅವಳು ನಕ್ಕ ಮೇಲೆ ಉಳಿದವರಿಗೆ ತಡೆ ಇರಲಿಲ್ಲ. ಟೈಲರ್ ಕುರ್ಚಿ ಮುಂದಕ್ಕೆಳೆದುಕೊಂಡು ಹಳೇ ಕಥೆ ತೆಗೆದ. ಒಂದು ಸಲ ತಾತನ ಕನ್ನಡಕ ಒಡೆದು ರಿಪೇರಿಗೆ ಹೋಗಿತ್ತಂತೆ. ಆ ವಾರ ಎರಡು ಕಾದಂಬರಿ ಬಿಚ್ಚಿಟ್ಟುಕೊಂಡು ಹೊಲಿಗೆ ಹಾಕಿದ್ದಾರೆ. ಒಂದರ ತಲೆಗೆ ಇನ್ನೊಂದರ ಬಾಲ. ಮದುವೆಯಾಗಿ ಬಂದ ಸೊಸೆ ಅಡುಗೆಮನೆಗೆ ಕಾಲಿಡುತ್ತಾಳೆ, ಹಾಳೆ ತಿರುಗಿಸಿದರೆ ಬಂದರಿನಲ್ಲಿ ಹೆಣ, ಸುತ್ತ ಪೊಲೀಸರು.

"ನಾನು ಅದನ್ನ ಒಂದೇ ಪುಸ್ತಕ ಅಂತಾನೇ ಓದಿದ್ದು," ಎಂದಳು ಔಷಧಿ ಅಂಗಡಿಯಾಕೆ. "ಅತ್ತೆನೇ ಕೊಂದಿರೋದು. ಈಗ್ಲೂ ಹೇಳ್ತೀನಿ."

"ಅತ್ತೆಗೆ ಬಂದರು ಎಲ್ಲಿದೆ ಅಂತ ಗೊತ್ತಾ? ಆಯಮ್ಮ ಅಂಗಳ ದಾಟಿದೋಳಲ್ಲ," ಎಂದ ಟೈಲರ್. "ಸೊಸೆದೇ ಕೆಲಸ. ಮೊದಲ ದಿನದಿಂದ ಅವಳ ಕಣ್ಣು ಸರಿ ಇರಲಿಲ್ಲ."

ಬೀದಿ ಎರಡು ಭಾಗವಾಗಿತ್ತಂತೆ, ಅತ್ತೆ ಕಡೆಯವರು, ಸೊಸೆ ಕಡೆಯವರು. ತಪ್ಪು ಗೊತ್ತಾದ ಮೇಲೆ ತಾತ ಬಿಚ್ಚಿ ಸರಿ ಮಾಡುತ್ತೇನೆ ಎಂದರೆ ಯಾರೂ ಬಿಡಲಿಲ್ಲ. ಪಾಪ ಅದರ ಜೋಡಿ ಪುಸ್ತಕವನ್ನು ಮಾತ್ರ ಯಾರೂ ಮುಟ್ಟಲಿಲ್ಲ. ಅದರಲ್ಲಿ ಇನ್‌ಸ್ಪೆಕ್ಟರು ಕಳ್ಳನ ಹಿಂದೆ ಓಡುತ್ತಾ ಓಡುತ್ತಾ ಹಾಳೆ ತಿರುಗಿದ ಕೂಡಲೇ ಯಾರದೋ ಮನೆಯಲ್ಲಿ ಊಟಕ್ಕೆ ಕೂತುಬಿಡುತ್ತಿದ್ದ.

ಅಂಗಳದ ನಗು ಬೀದಿಗೆ ಕೇಳುವಷ್ಟಾಯಿತು. ತಮ್ಮನವರು ಬಾಗಿಲಿಗೆ ಬಂದು ನಿಂತರು. ಮುಖ ಕೆಂಪಗಿತ್ತು. ಇದು ಸಾವಿನ ಮನೆಯೋ ಸಂತೆಯೋ, ಸತ್ತವರ ಬಗ್ಗೆ ಸ್ವಲ್ಪವಾದರೂ ಮರ್ಯಾದೆ ಬೇಡವೇ ಎಂದು ಕೇಳಿದರು. ನಗು ನಿಂತಿತು. ಕಿಡಿ ನಿಲ್ಲುವವನಲ್ಲ. ತಾತ ಜೀವ ಇರುವವರೆಗೂ ಜನರನ್ನು ಸುಮ್ಮನೆ ಕೂರಲು ಬಿಟ್ಟವರಲ್ಲ, ಸತ್ತ ದಿನ ಬಾಯಿ ಮುಚ್ಚಿಕೊಂಡು ಕೂತರೆ ಅದೇ ಅವರಿಗೆ ಅವಮರ್ಯಾದೆ ಎಂದ. ಇನ್ನೂ ಒಂದೆರಡು ಮಾತು ಬರುತ್ತಿತ್ತು, ಮಗಳು ಕೈ ಹಿಡಿದು ಒಳಗೆ ಕರೆದುಕೊಂಡು ಹೋದಳು.

"ನೀನು ಜಗಳ ಆಮೇಲೆ ಆಡು. ಅಮ್ಮ ಎರಡು ಸಲ ಕೇಳಿದ್ರು, ಅವನು ಬಂದ್ನಾ ಅಂತ."

*

ಪುಸ್ತಕದ ಕೋಣೆಗೆ ಬೆಳಿಗ್ಗೆಯಿಂದ ಯಾರೂ ಕಾಲಿಟ್ಟಿರಲಿಲ್ಲ. ಕಿಡಿ ಮೊದಲು ಹೋಗಿದ್ದು ತಾತನ ಹೊಲಿಗೆ ಮೇಜಿನ ಹತ್ತಿರ. ಅಜ್ಜಿಗೆಂದು ಏನಾದರೂ ತೆಗೆದಿಟ್ಟಿರಬಹುದು ಎಂಬ ಆಸೆ. ಏನೂ ಇರಲಿಲ್ಲ. ಅಂಟಿನ ಬಟ್ಟಲು ಒಣಗಿ ಬಿರುಕು ಬಿಟ್ಟಿತ್ತು. ಹೊಲಿದ ಪುಸ್ತಕ ಒತ್ತಿಡುವ ಅಚ್ಚಿನ ಕೆಳಗೆ ಇದ್ದದ್ದು ಯಾರದೋ ಆಫೀಸಿನ ರಸೀದಿ ಪುಸ್ತಕ. ತಾತ ನಾಳೆಯೂ ಬರುತ್ತೇನೆಂದು ಎದ್ದುಹೋದವರು, ಅಷ್ಟೇ.

ಗೋಡೆಯಿಂದ ಗೋಡೆಗೆ, ನೆಲದಿಂದ ತಾರಸಿಗೆ ಬೂದು ರಟ್ಟುಗಳು. ಅವನಿಗೆ ಮೊದಲ ಸಲ ಭಯವಾಯಿತು. ಇಷ್ಟು ವರ್ಷ ಇಲ್ಲಿ ಪುಸ್ತಕ ಹುಡುಕಿದವನೇ ಅಲ್ಲ. ಕೈ ಚಾಚಿದ, ತಾತ ಇಟ್ಟರು, ಓದಿದ. ಒಂದು ಮುಗಿದ ಸಂಜೆ ಹೊಟ್ಟೆ ಹಸಿದವನ ಹಾಗೆ ಓಡಿ ಬರುತ್ತಿದ್ದ, ಇನ್ನೊಂದು ಸಿಗುತ್ತಿತ್ತು. ನಾಳೆಯಿಂದ ತನಗೂ ಕೊಡುವವರಿಲ್ಲ ಎಂಬುದು ಸ್ಮಶಾನದಲ್ಲಿ ಹೊಳೆಯದೆ ಈಗ ಹೊಳೆಯಿತು. ತಾತನ ಮೇಲೆ ಸಿಟ್ಟು ಬಂತು. ಹೋಗುವವರು ಒಂದು ಮಾತು ಹೇಳಿ ಹೋಗಬಾರದೇ.

ಸಿಟ್ಟು ಬಂದಿದ್ದು ಒಳ್ಳೆಯದಾಯಿತು, ಕೈ ಓಡಿತು. ತನಗೆ ತುಂಬಾ ಹಿಡಿಸಿದ ಪುಸ್ತಕ ಯಾವುದೆಂದು ಯೋಚಿಸಿದ. ಗಂಡ ತೀರಿಕೊಂಡ ಮೇಲೆ ಅವನ ದೋಣಿ ನಡೆಸಲು ಕಲಿಯುವ ಒಬ್ಬ ಹೆಂಗಸಿನ ಕಥೆ. ಮೊದಲ ದಿನ ಅವಳು ದೋಣಿಯನ್ನು ಗುಂಡಗೆ ಸುತ್ತಿಸುತ್ತಾಳೆ, ದಡದವರು ನಗುತ್ತಾರೆ, ಕೊನೆಗೆ ಪ್ರವಾಹದ ದಿನ ನಕ್ಕವರನ್ನೇ ದಾಟಿಸುತ್ತಾಳೆ. ಓದಿದಾಗ ಅವನು ವೆಲ್ಡಿಂಗ್ ಕನ್ನಡಕ ಹಾಕಿಕೊಂಡು ಅತ್ತಿದ್ದ, ಯಾರಿಗೂ ಕಾಣಬಾರದೆಂದು. ಅದೇ ಸರಿ. ಇವತ್ತಿಗೆ ಹೇಳಿ ಮಾಡಿಸಿದ ಹಾಗಿದೆ. ಅಜ್ಜಿ ಅದನ್ನು ಓದಿದ ನೆನಪು ಅವನಿಗಿರಲಿಲ್ಲ. ಒಂದೊಂದೇ ತೆರೆದು ನೋಡಿ ಹುಡುಕಿ, ರಟ್ಟಿನ ಧೂಳು ಒರೆಸಿ ಒಳಗೆ ಒಯ್ದ.

ತಾತನ ಹಾಗೆಯೇ ನಿಂತು ಓದಬೇಕೆಂದುಕೊಂಡಿದ್ದ. ಅಜ್ಜಿಯ ಪಾದ ನೋಡಿದರೆ ಕಂಬಳಿ. ಪಾದದ ಸುಳಿವೇ ಇಲ್ಲ. ಸುಮ್ಮನೆ ಕೈಗೆ ಕೊಟ್ಟ. ಅಜ್ಜಿ ಕನ್ನಡಕ ಏರಿಸಿಕೊಂಡು ಎರಡು ಪುಟ ಓದಿದರು. ಮೂರನೆಯದನ್ನು ಅರ್ಧ ಓದಿ ಪುಸ್ತಕ ಮುಚ್ಚಿದರು.

"ಚೆನ್ನಾಗಿದೆ ಕಣೋ," ಎಂದರು. ಕನ್ನಡಕ ತೆಗೆದು ಮಡಚಿದರು. "ತುಂಬಾ ಚೆನ್ನಾಗಿದೆ. ಆಮೇಲೆ ಓದ್ತೀನಿ. ನೀನು ಹೋಗಿ ಏನಾದ್ರೂ ತಿನ್ನು."

ಪುಸ್ತಕವನ್ನು ಕಿಟಕಿಯ ಮೇಲೆ ಇಟ್ಟು, ಬರಿಗೈಗಳನ್ನು ತೊಡೆಯ ಮೇಲೆ ಹಾಕಿಕೊಂಡು ಕೂತರು. ಆ ಕೈಗಳು ಹಾಗೆ ಸುಮ್ಮನೆ ಬಿದ್ದಿದ್ದನ್ನು ಕಿಡಿ ಎಂದೂ ನೋಡಿರಲಿಲ್ಲ.

*

ವಾರಕ್ಕೊಮ್ಮೆಯಾದರೂ ಆ ಮನೆಯಲ್ಲಿ ಒಂದು ಜಗಳವಿರುತ್ತಿತ್ತು. ಅಂಗಡಿಯಲ್ಲಿ ಜನ ಇದ್ದಾಗಲೇ ಅಜ್ಜಿ ಒಳಗಿನಿಂದ ಬಂದು ಪುಸ್ತಕವನ್ನು ಮೇಜಿನ ಮೇಲೆ ಬಡಿಯುತ್ತಿದ್ದರು.

"ಏನ್ರೀ ಇದು? ಇದನ್ನ ಬರೆದವನಿಗೆ ಹೆಂಡತಿ ಮಕ್ಕಳು ಇದಾರಾ? ಹುಡುಕಿ ಹುಡುಕಿ ಇಂಥವೇ ನನಗೆ ಕೊಡ್ತೀರಲ್ಲ."

ತಾತ ಅಂಟಿನಲ್ಲಿ ಕುಂಚ ಅದ್ದುತ್ತಾ, "ಅಷ್ಟೊಂದು ಕೆಟ್ಟದಾ?" ಎನ್ನುತ್ತಿದ್ದರು.

"ಅಷ್ಟು ಅಂದ್ರೆ? ಕೂತ್ಕೊಳ್ಳಿ, ಹೇಳ್ತೀನಿ."

ಕಥೆ ಮೊದಲಿನಿಂದ ಶುರುವಾಗುತ್ತಿತ್ತು. ಆ ಡಾಕ್ಟರು ಅವಳನ್ನು ಮಳೆಯಲ್ಲಿ ಬಿಟ್ಟುಹೋಗಿದ್ದು, ಆ ಅಣ್ಣ ಎನಿಸಿಕೊಂಡವನು ಮನೆ ಮಾರಿದ್ದು, ಇವಳು ಒಂದು ಮಾತು ಆಡಬೇಕಾದ ಕಡೆ ಹನ್ನೊಂದು ಪುಟ ಅತ್ತಿದ್ದು, ಒಂದನ್ನೂ ಬಿಡದೆ ಅಜ್ಜಿ ಕಟಕಟೆಗೆ ಎಳೆಯುತ್ತಿದ್ದರು. ಕೈ ಬೀಸುತ್ತಿದ್ದರು, ಆ ಡಾಕ್ಟರ ನಡಿಗೆ ನಡೆದು ತೋರಿಸುತ್ತಿದ್ದರು. ಪುಸ್ತಕ ವಾಪಸ್ಸು ಕೊಡಲು ಬಂದವರು ಹೋಗದೆ ನಿಲ್ಲುತ್ತಿದ್ದರು. ತಾತ ಮಾತ್ರ ತಲೆ ಬಗ್ಗಿಸಿ ರಟ್ಟು ಕತ್ತರಿಸುತ್ತಾ, "ಹೌದಾ", "ಛೆ", "ಆಮೇಲೆ?" ಎನ್ನುತ್ತಿದ್ದರು.

ಕಿಡಿಗೆ ತಾತನ ಮೇಲೆ ಮರುಕ ಹುಟ್ಟುತ್ತಿತ್ತು. ಊರಿಗೆಲ್ಲ ಸರಿಯಾದ ಪುಸ್ತಕ ಹುಡುಕಿಕೊಡುವ ಮನುಷ್ಯನಿಗೆ ಮನೆಯವರಿಗೊಂದು ಹುಡುಕಲು ಆಗುತ್ತಿಲ್ಲವಲ್ಲ. ಒಮ್ಮೆ ಕೇಳಿಯೂ ಬಿಟ್ಟ. ತಾತ ಮೀಸೆಯೊಳಗೇ ನಕ್ಕು, ಅವಳ ವಿಷಯದಲ್ಲಿ ನಾನಿನ್ನೂ ಕಲೀತಾ ಇದೀನಪ್ಪ ಎಂದರು.

*

ರ್‍ಯಾಕಿನ ಮುಂದೆ ಮತ್ತೆ ಬಂದು ನಿಂತಿದ್ದ ಕಿಡಿಯ ತಲೆಯಲ್ಲಿ ಒಂದೇ ಪದ ಕುಟ್ಟುತ್ತಿತ್ತು, ಚೆನ್ನಾಗಿದೆ. ಅಜ್ಜಿಯ ಬಾಯಲ್ಲಿ ಆ ಪದವನ್ನು ಅವನು ಹಿಂದೆ ಒಂದೇ ಒಂದು ಸಲ ಕೇಳಿದ್ದ. ಅವತ್ತು ತಾತನ ಮುಖ ಇಳಿದುಹೋಗಿತ್ತು. ಸರಸರನೆ ಒಳಗೆ ಹೋಗಿ ಆ ಪುಸ್ತಕ ಕಿತ್ತುಕೊಂಡು ಬಂದು, ಬೇರೊಂದು ಕೊಟ್ಟು, ಅಜ್ಜಿ ಒಳಗೆ ಮೊದಲ ಬೈಗುಳ ಬೈಯುವವರೆಗೂ ಕುಂಚ ಮುಟ್ಟಿರಲಿಲ್ಲ.

ಕಿಡಿ ಹಣೆಗೆ ಹೊಡೆದುಕೊಂಡ. ಅಷ್ಟು ವರ್ಷ ಆ ಜಗಳ ನೋಡುತ್ತಾ ನಿಂತಿದ್ದೆನಲ್ಲ, ಕತ್ತೆಯ ಹಾಗೆ. ಮುದುಕ ತಪ್ಪು ಪುಸ್ತಕ ಕೊಡುತ್ತಿರಲಿಲ್ಲ. ಬಾಯಿತುಂಬ ಬೈಯಲು ಸಿಗುವ ಪುಸ್ತಕವನ್ನು ಆರಿಸಿ ಆರಿಸಿ ಕೊಡುತ್ತಿದ್ದ. ಅಜ್ಜಿ ಪ್ರೀತಿಯಿಂದ ಓದುವುದೇ ಹಾಗೆ. ಅಂಥವರ ಕೈಗೆ ಇವತ್ತು ಸಮಾಧಾನ ಹೇಳುವ ಕಥೆ ಕೊಟ್ಟರೆ ಅವರು ಸಭ್ಯವಾಗಿ ಮುಚ್ಚಿಡದೆ ಇನ್ನೇನು ಮಾಡಿಯಾರು?

"ಇನ್ನೂ ಏನ್ ಹುಡುಕ್ತಾ ಇದೀಯಾ?"

ತಮ್ಮನವರು ಬಾಗಿಲಲ್ಲಿ ನಿಂತಿದ್ದರು. ಕೈಯಲ್ಲಿ ಅವರೇ ತಂದಿದ್ದ ತೆಳ್ಳನೆಯ ಪುಸ್ತಕ, ಮನಸ್ಸಿಗೆ ಶಾಂತಿ ಕೊಡುವಂಥದ್ದು. ಅಕ್ಕನಿಗೆ ಇದು ಸಾಕು, ಇವತ್ತಿನ ದಿನ ಕಾದಂಬರಿ ಓದಿದರೆ ಜನ ಏನಂದಾರು ಎಂದರು.

"ಜನ ಅಂಗಳದಲ್ಲೇ ಇದಾರೆ ಸಾರ್, ಕೇಳಿ. ಕೊಲೆದೋ ಸಂಸಾರದ್ದೋ ಅಂತ ಹೊಡೆದಾಡ್ತಿದಾರೆ." ಕಿಡಿ ತಿರುಗಿ ನೋಡದೆ ರ್‍ಯಾಕಿನ ನೆತ್ತಿ ತಡಕುತ್ತಿದ್ದ. "ಶಾಂತಿ ನಿಮ್ಮಕ್ಕಂಗೆ ಆಗಿಬರಲ್ಲ. ಹುಟ್ಟಿದಾಗಿನಿಂದ ನೋಡಿದೀರಿ, ಗೊತ್ತಿಲ್ವಾ?"

ತಮ್ಮನವರು ಅಜ್ಜಿ ಕೂತಿದ್ದ ಕೋಣೆಯ ಕಡೆ ನೋಡಿದರು. ಅಲ್ಲಿಂದ ಒಂದು ಸದ್ದೂ ಇರಲಿಲ್ಲ.

"ಚಿಕ್ಕವನಿದ್ದಾಗ ನನ್ನ ಇತಿಹಾಸದ ಪಾಠದ ಪುಸ್ತಕಾನೂ ಇಸ್ಕೊಂಡು ಓದಿ ಬೈತಿದ್ಳು," ಎಂದರು ನಿಧಾನವಾಗಿ. "ರಾಜರಿಗೆಲ್ಲ. ಒಬ್ಬನ್ನೂ ಬಿಡ್ತಿರಲಿಲ್ಲ." ಸ್ವಲ್ಪ ತಡೆದು ಕೇಳಿದರು, "ಎಂಥದ್ದು ಬೇಕು ಈಗ?"

"ಕೈಗೆ ಸಿಕ್ಕಿದ್ರೆ ಹೀರೋನ ಕತ್ತು ಹಿಸುಕ್ಬೇಕು ಅನ್ನಿಸ್ಬೇಕು. ಅಂಥದ್ದು."

ಅಂಥ ಪುಸ್ತಕ ಒಂದಿತ್ತು. ಈಚೆಗೆ ಬಂದ ಮೂಟೆಯದು, ಅಜ್ಜಿ ನೋಡಿರದಿದ್ದದ್ದು. ಅಂಚೆ ವಿಂಗಡಿಸುವ ಕಚೇರಿಯಲ್ಲಿ ಕೆಲಸ ಮಾಡುವ ಒಬ್ಬ ಮನುಷ್ಯ. ಎದುರು ಮೇಜಿನವಳ ಮೇಲೆ ಅವನಿಗೆ ಜೀವ. ಹೇಳುವುದಿಲ್ಲ. ಅವಳಿಗೂ ಗೊತ್ತು, ಕಚೇರಿಗೆಲ್ಲ ಗೊತ್ತು, ಅಂಚೆಚೀಟಿ ಕೊಳ್ಳಲು ಬರುವವರಿಗೂ ಗೊತ್ತು. ಇವನು ಮಾತ್ರ ಮೊಹರು ಒತ್ತುತ್ತಾ ಕೂತಿರುತ್ತಾನೆ. ಪ್ರತಿ ಅಧ್ಯಾಯದಲ್ಲೂ ಇನ್ನೇನು ಹೇಳಿದ ಎನ್ನುವಷ್ಟರಲ್ಲಿ ಏನೋ ಒಂದು ಅಡ್ಡ ಬರುತ್ತದೆ. ಒಮ್ಮೆ ಬಾಯಿ ತೆರೆದವನು ಅಕ್ಷೀ ಎಂದು ಸೀನಿ ಅಲ್ಲಿಗೇ ನಿಲ್ಲಿಸುತ್ತಾನೆ. ಕಿಡಿ ಅದನ್ನು ಓದುವಾಗ ಸಿಟ್ಟು ತಡೆಯಲಾರದೆ ಗೋಡೆಗೆ ಎಸೆದಿದ್ದ, ಎದ್ದು ಹೋಗಿ ಎತ್ತಿಕೊಂಡು ಬೆಳಗಾಗುವವರೆಗೂ ಓದಿದ್ದ. ವಾಪಸ್ಸು ಕೊಡುವಾಗ ತಾತನೆದುರು ಕೂಗಾಡಿ ತಾನೇ ಮೇಲಿನ ಸಾಲಿನ ಮೂಲೆಗೆ ತುರುಕಿದ್ದ. ಎಸೆತಕ್ಕೆ ರಟ್ಟಿನ ತುದಿ ನಜ್ಜಾಗಿತ್ತು, ಅದೇ ಗುರುತು.

ಏಣಿಯ ಒಂದು ಕಾಲು ಅಲ್ಲಾಡುತ್ತಿತ್ತು. ಕಿಡಿ ಹತ್ತಿದ. ಎರಡು ಮೆಟ್ಟಿಲು ಏರುವಷ್ಟರಲ್ಲಿ ಏಣಿ ಗಟ್ಟಿಯಾಗಿ ನಿಂತಿತು. ಕೆಳಗೆ ನೋಡಿದರೆ ತಮ್ಮನವರು ಬೆಲ್ಟು ಸಡಿಲಿಸಿಕೊಂಡು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು.

"ಬೇಗ ನೋಡೋ," ಎಂದರು. "ಬೆನ್ನು ಬಿದ್ದುಹೋಗುತ್ತೆ."

ಸಿಕ್ಕಿತು. ಈ ಸಲ ಅವನು ಹೊಗಳಲೂ ಇಲ್ಲ, ವಿವರಿಸಲೂ ಇಲ್ಲ. ಅಜ್ಜಿಯ ತೊಡೆಯ ಮೇಲೆ ಇಟ್ಟು, "ನಂಗೆ ಇದು ಒಂಚೂರೂ ಸೇರಲಿಲ್ಲ ಅಜ್ಜಿ. ಅರ್ಥಾನೂ ಆಗಲಿಲ್ಲ, ಅವನ್ಯಾಕೆ ಹಂಗೆ ಅಂತ" ಎಂದು ಹೇಳಿ ಹೊರಗೆ ಬಂದ.

ಅಂಗಳದಲ್ಲಿ ಚಹಾದ ಎರಡನೇ ಸುತ್ತು ನಡೆದಿತ್ತು. ಬೆಳಕು ಹಳದಿಯಾಗಿತ್ತು. ಯಾರಿಗೂ ಎದ್ದುಹೋಗುವ ಮನಸ್ಸಿರಲಿಲ್ಲ. ಮಗಳು ಖಾಲಿ ಲೋಟ ಜೋಡಿಸುತ್ತಾ, ಏನಾಯ್ತು ಎಂದು ಕಣ್ಣಲ್ಲೇ ಕೇಳಿದಳು. ಕಿಡಿ ಗೊತ್ತಿಲ್ಲ ಎಂದು ಭುಜ ಹಾರಿಸಿದ. ಅವನ ಕಿವಿಯೆಲ್ಲ ಕಿಟಕಿಯಲ್ಲಿತ್ತು. ಲೋಟದ ಚಹಾದ ಮೇಲೆ ಕೆನೆ ಕಟ್ಟಿತು. ತಮ್ಮನವರು ಬಂದು ಪಕ್ಕದ ಕುರ್ಚಿಯಲ್ಲಿ ಕೂತರು, ಅವರೂ ಕಿಟಕಿಯ ಕಡೆಗೇ ತಿರುಗಿ.

ಆಮೇಲೆ ಒಳಗಿನಿಂದ ಅಜ್ಜಿಯ ದನಿ ಬಂತು.

"ಥೂ, ಮೊದ್ದು ಮುಂಡೇದೇ."

ಔಷಧಿ ಅಂಗಡಿಯಾಕೆಯ ಲೋಟ ತುಟಿಯ ಹತ್ತಿರವೇ ಉಳಿಯಿತು. ಮತ್ತೆ ಬಂತು, ಈಗ ಇನ್ನೂ ಗಟ್ಟಿಯಾಗಿ. ಅವಳು ಎದುರಿಗೇ ಕೂತಿದಾಳೆ, ಕೇಳ್ತಾನೂ ಇದಾಳೆ, ಬಾಯಿಗೇನು ಅಂಟು ಹಾಕಿದಾರಾ ನಿಂಗೆ ಎಂದು. ಮಗಳು ಜೋಡಿಸಿದ ಲೋಟಗಳನ್ನು ಹಾಗೇ ನೆಲಕ್ಕಿಟ್ಟು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಭುಜ ಕುಲುಕುತ್ತಿತ್ತು. ಅಳುವೋ ನಗುವೋ ಎಂದು ನೋಡಲು ಟೈಲರ್ ಬಗ್ಗಿದ. ಎರಡೂ ಇತ್ತು. ತಮ್ಮನವರು ಮಾತ್ರ ಸೀದಾ ಮುಂದೆ ನೋಡುತ್ತಾ, "ಎರಡನೇ ಅಧ್ಯಾಯ ಇರ್ಬೇಕು, ಅಲ್ವಾ?" ಎಂದರು, ಆ ಪುಸ್ತಕವನ್ನು ತಾವೇ ಆರಿಸಿದವರ ಗತ್ತಿನಲ್ಲಿ. ಕಿಡಿ ಹೂಂ ಎಂದ.

ಅವನು ತಣ್ಣಗಾದ ಚಹಾವನ್ನು ಒಂದೇ ಗುಟುಕಿಗೆ ಕುಡಿದು ಎದ್ದ. ಶಾಪಿನಲ್ಲಿ ಯಾರದೋ ಗೇಟು ಅರ್ಧ ಬೆಸೆದು ಬಿಟ್ಟುಬಂದಿದ್ದ. ಹೊರಡುವ ಮುಂಚೆ ಮಗಳು ಪುಸ್ತಕದ ಕೋಣೆಯ ಕಡೆ ಕೈ ತೋರಿಸಿ, ನಾಳೆ ಬೆಳಿಗ್ಗೆ ನೀನು ಬಂದು ಬಾಗಿಲು ತೆಗಿ, ಜನ ಬರ್ತಾರೆ ಎಂದಳು. ಅದಕ್ಕೂ ಹೂಂ ಎಂದ.

ಅಂಗಳ ದಾಟಿ ಬೀದಿಗೆ ಕಾಲಿಟ್ಟಿದ್ದ. ಕಿಟಕಿಯ ಬಾಗಿಲು ದಡಾರನೆ ತೆರೆಯಿತು.

"ಏಯ್ ಕಿಡಿ, ನಿಂತ್ಕೊಳ್ಳೋ."

ನಿಂತು ತಿರುಗಿದ. ಅಜ್ಜಿ ಕಿಟಕಿಯಲ್ಲಿದ್ದರು. ಎದ್ದು ನಿಂತಿದ್ದರು. ಕೂದಲು ಕೆದರಿತ್ತು, ಕನ್ನಡಕ ಮೂಗಿನ ತುದಿಗೆ ಜಾರಿತ್ತು, ಕೆನ್ನೆಗಳಲ್ಲಿ ಬೆಳಿಗ್ಗೆ ಇಲ್ಲದಿದ್ದ ಬಣ್ಣ. ಪುಸ್ತಕವನ್ನು ಎದೆಗೆ ಒತ್ತಿ ಹಿಡಿದಿದ್ದರು, ಒಂದು ಬೆರಳು ಪುಟದೊಳಗೇ ಇತ್ತು.

"ನಿಜ ಹೇಳು. ಈ ಪ್ರಾಣಿ ಕೊನೆಗಾದ್ರೂ ಬಾಯಿ ಬಿಡುತ್ತೋ ಇಲ್ವೋ? ಅಷ್ಟು ಹೇಳಿ ಹೋಗು."

ಅಂಗಳದಲ್ಲಿ ಎಲ್ಲರೂ ಅವನನ್ನೇ ನೋಡಿದರು. ತಮ್ಮನವರು ಕುರ್ಚಿಯಿಂದ ಅರ್ಧ ಎದ್ದಿದ್ದರು. ಉತ್ತರ ಕಿಡಿಯ ನಾಲಿಗೆಯ ತುದಿಯಲ್ಲಿತ್ತು. ಒಂದೇ ಪದ. ಅಜ್ಜಿಯ ಬೆರಳನ್ನು ನೋಡಿದ. ಪುಸ್ತಕದ ಎಡಗಡೆ ಕೆಲವೇ ಹಾಳೆ, ಬಲಗಡೆ ಇಟ್ಟಿಗೆಯಷ್ಟು ದಪ್ಪ ಉಳಿದಿತ್ತು.

ಅವನು ತಿರುಗಿ ಬೀದಿ ಹಿಡಿದ.

"ಲೋ, ಕಿವಿ ಕೇಳಿಸಲ್ವಾ? ಹೇಳದೆ ಹೋಗ್ತೀಯಾ? ಅವನ ಥರಾನೇ ಮೂಗನಾಗಿಬಿಟ್ಯಾ ನೀನೂ? ಬಾ ನಾಳೆ, ನಿನಗೂ ಇದೆ," ಎಂದು ಅಜ್ಜಿಯ ದನಿ ಟೈಲರ್ ಅಂಗಡಿ ದಾಟಿ, ಔಷಧಿ ಅಂಗಡಿಯ ಮುಚ್ಚಿದ ಬಾಗಿಲು ದಾಟಿ, ಬೀದಿಯ ತಿರುವಿನವರೆಗೂ ಅವನ ಬೆನ್ನಿಗೇ ಬಂತು. ಅಲ್ಲಿ ಒಮ್ಮೆಲೇ ನಿಂತಿತು. ಅಜ್ಜಿ ಹಾಳೆ ತಿರುಗಿಸಿರಬೇಕು.